ಕಿಂಡಿಯಿಂದ ಕಂಡಿದ್ದು: ವಡಿವೇಲು ಯಾಕೆ ನಗಿಸಲಿಲ್ಲ?

(ನಿಮ್ಮ ಸಿನಿಮಾ ಪ್ರಶ್ನೆಗಳಿಗೆ ಕೋಲಾರದ ಹಳೇ ಥಿಯೇಟರ್ ಆಪರೇಟರ್ ಉತ್ತರ)

ಪ್ರಶ್ನೆ: ಅಣ್ಣಾ, ನಾನು ಮುಳಬಾಗಿಲಿನ ಕಡೆಯವಳು. ಮದುವೆಯಾಗಿ ರಾಬರ್ಟ್‌ಸನ್‌ಪೇಟೆಗೆ ಬಂದೆ. ನಮ್ಮ ಮನೆಯವರು ತಮಿಳರು. ನಾನು ತಮಿಳು ಕಲಿತಿದ್ದೇ ಟೀವಿಯಲ್ಲಿ ವಡಿವೇಲು ಕಾಮಿಡಿ ನೋಡಿ. ಮೊನ್ನೆ ‘ನಾಯ್ ಶೇಖರ್ ರಿಟರ್ನ್ಸ್’ ಹಾಕಿದ್ದರು. ಮನೆಮಂದಿಯೆಲ್ಲ ತಟ್ಟೆ ಹಿಡಿದು ಕೂತೆವು. ಒಬ್ಬರೂ ನಗಲಿಲ್ಲ. ಮಾವನವರು ಇಂಟರ್ವಲ್‌ಗೆ ಮೊದಲೇ ಎದ್ದು ಹೋಗಿ ಮಲಗಿದರು. ವಯಸ್ಸಾಗಿದ್ದು ಅವರಿಗಾ, ನಮಗಾ?
– ಒಬ್ಬ ಓದುಗಿ, ಕೆಜಿಎಫ್

ಉತ್ತರ: ಮಾವನವರಿಗೆ ನನ್ನ ನಮಸ್ಕಾರ ಹೇಳಿ ತಾಯಿ. ಅವರಿಗೆ ಎದ್ದು ಹೋಗುವ ಸೌಕರ್ಯ ಇತ್ತು. ನಾನು 2022ರ ಡಿಸೆಂಬರ್‌ನಲ್ಲಿ ದುಡ್ಡು ಕೊಟ್ಟು ಒಳಗೆ ಹೋದವನು.

ವಯಸ್ಸಿನ ಮಾತು ಬಿಡಿ. ಮುಂದಿನ ವರ್ಷವೇ ಬಂದ ‘ಮಾಮನ್ನನ್’ನಲ್ಲಿ ಇದೇ ಮನುಷ್ಯ ಶಾಸಕನ ಪಾತ್ರ ಮಾಡಿದರು. ನಗಿಸುವ ಗೋಜಿಗೇ ಹೋಗದೆ, ಕಣ್ಣಲ್ಲೇ ಅಷ್ಟೂ ಅವಮಾನ ನುಂಗಿ ತೋರಿಸಿದರು. ಆ ಮುಖಕ್ಕೆ ಏನೂ ಆಗಿಲ್ಲ. ಅದರ ಎದುರಿಗೆ ಯಾರನ್ನು ನಿಲ್ಲಿಸಿದರು ಅನ್ನೋದನ್ನ ನೋಡಬೇಕು.

ನಾನು ಆಪರೇಟರ್ ಆಗಿದ್ದಾಗ ಕೋಲಾರದಲ್ಲಿ ತಮಿಳು ಸಿನಿಮಾಗಳೂ ಚೆನ್ನಾಗಿ ಓಡುತ್ತಿದ್ದವು. ಮೆಷಿನ್ ರೂಮಿನಲ್ಲಿ ಪ್ರೊಜೆಕ್ಟರ್ ಸದ್ದಿಗೆ ಡೈಲಾಗು ಅರ್ಧ ಕೇಳಿಸುವುದಿಲ್ಲ. ಕೆಳಗಿನ ಗಾಂಧಿ ಕ್ಲಾಸಿನ ನಗು ಮಾತ್ರ ಕಿಂಡಿಯಿಂದ ಒಳಗೆ ಬಂದೇ ಬರುತ್ತಿತ್ತು. ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಮಾಡುತ್ತಾ ನಿಂತವನು ನಗು ಬಂದ ಕೂಡಲೇ ಬಗ್ಗಿ ನೋಡುತ್ತಿದ್ದೆ. ಎಷ್ಟೋ ಸಲ ಆ ಹೊತ್ತಿಗೆ ಪರದೆ ಮೇಲೆ ವಡಿವೇಲು ಇರುತ್ತಿರಲೇ ಇಲ್ಲ. ಅವರ ಎದುರಿಗೆ ನಿಂತವನ ಮುಖ ಇರುತ್ತಿತ್ತು. ಆ ಎದುರಿನವನು ನಗುತ್ತಿರಲಿಲ್ಲ. ಇವರ ಜಂಬವನ್ನು ಸುಮ್ನೆ ಕೇಳಿಸಿಕೊಂಡು, ಆಮೇಲೆ ಒಂದು ಬಿಡುತ್ತಿದ್ದ. ಜನ ಬಿದ್ದು ಬಿದ್ದು ನಗೋರು.

2001ರ ‘ಫ್ರೆಂಡ್ಸ್’ನಲ್ಲಿ ಅವರು ಪೇಂಟಿಂಗ್ ಕಂಟ್ರಾಕ್ಟರ್ ನೇಸಮಣಿ. ಎಲ್ಲರ ಮೇಲೂ ರೇಗುವ ಯಜಮಾನ. ಕೊನೆಗೆ ಅವರ ತಲೆ ಮೇಲೇ ಸುತ್ತಿಗೆ ಬೀಳುತ್ತದೆ. 2019ರಲ್ಲಿ ಆ ಪೆಟ್ಟು ನಿಜವಾಗಿ ಬಿದ್ದಿದೆ ಅನ್ನೋ ಹಾಗೆ ಜಗತ್ತೇ ತಮಾಷೆಗೆ ಟ್ವಿಟರ್‌ನಲ್ಲಿ ಪ್ರಾರ್ಥನೆ ಮಾಡಿತು, ನೆನಪಿದೆಯಲ್ಲ? 2003ರ ‘ವಿನ್ನರ್’ನಲ್ಲಿ ಒಂದು ಯುವಕರ ಸಂಘಕ್ಕೆ ನಾಯಕ, ಪೆಟ್ಟು ತಿನ್ನುವುದರಲ್ಲೂ ಅವರೇ ಮುಂದು. 2006ರ ‘ತಲೈನಗರಂ’ನಲ್ಲಿ ಬಾಯಲ್ಲೇ ಕೊಲೆ ಮಾಡುವ ರೌಡಿ. ಆ ರೌಡಿಯ ಹೆಸರೇ ನಾಯ್ ಶೇಖರ್. ಅದರ ನಿರ್ದೇಶಕ ಸುರಾಜ್ ಅವರೇ 16 ವರ್ಷ ಆದ ಮೇಲೆ ಆ ಹೆಸರಿಟ್ಟು ಈ ಸಿನಿಮಾ ಮಾಡಿದ್ದು.

ಕಥೆಯ ಎಳೆ ಕೇಳಿದರೆ ಆಸೆಯಾಗುತ್ತದೆ. ಶ್ರೀಮಂತರ ನಾಯಿಗಳನ್ನು ಕದ್ದು ದುಡ್ಡು ಕೇಳುವವನು. ಒಂದು ಸಲ ದೊಡ್ಡ ರೌಡಿಯ ನಾಯಿಗೇ ಕೈ ಹಾಕುತ್ತಾನೆ. ಇಷ್ಟರಲ್ಲೇ ಎಷ್ಟು ಒದೆ ತಿನ್ನಿಸಬಹುದಿತ್ತು! ಆದರೆ ಆ ರೌಡಿಯೂ ಇಲ್ಲಿ ಕಾಮಿಡಿ. ಆ ಪಾತ್ರ ಮಾಡಿದ ಆನಂದರಾಜ್ ತಾವೇ ನಗಿಸಲು ನಿಂತಿದ್ದಾರೆ. ಅವರ ಹುಡುಗರೂ ಕಾಮಿಡಿ, ಇವರ ಹುಡುಗರೂ ಕಾಮಿಡಿ. ಎಲ್ಲರೂ ಕಿರುಚುತ್ತಾರೆ. ಎಲ್ಲರೂ ಮದುಮಗನೇ ಆದರೆ ದಿಬ್ಬಣ ನೋಡೋರು ಯಾರು? ನಗದೆ ನಿಲ್ಲುವ ಒಬ್ಬ ಆಸಾಮಿ ಬೇಕಿತ್ತು. ಸಿಗಲಿಲ್ಲ.

ಇನ್ನೊಂದು ಸಂಕಟ ಅಳತೆಯದು. ಮೊದಲು ಅವರದು ಬೇರೆಯವರ ಸಿನಿಮಾದ ನಡುವೆ ಬರುವ ಟ್ರ್ಯಾಕ್. ಹೀರೋ ಫೈಟ್ ಮಾಡುವಾಗ ನಮ್ಮ ಹೊಟ್ಟೆಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಶೋ ತಡವಾದರೆ ನಾವು ರೀಲಿನಲ್ಲಿ ಹಾಡು ಹಾರಿಸುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ವಡಿವೇಲು ಟ್ರ್ಯಾಕ್ ಮುಟ್ಟಿದರೆ ಮಾತ್ರ ಗಲಾಟೆ. ಈ ಸಿನಿಮಾದಲ್ಲಿ ಅವರೇ ಎಲ್ಲ ರೀಲಿನಲ್ಲೂ ಇದ್ದಾರೆ. ಮನೆಗೆ ಅದೃಷ್ಟ ತಂದಿದ್ದ ನಾಯಿ ಬೇರೆ, ಅದನ್ನು ಹುಡುಕುತ್ತಾ ಹೈದರಾಬಾದ್ ಬೇರೆ. ಕಥೆ ಎಳೆಯುವ ಕೆಲಸವೇ ಅವರ ಕೊರಳಿಗೆ ಬಿತ್ತು.

ಹಾಗಂತ ಹೀರೋ ಆಗಿದ್ದೇ ತಪ್ಪು ಅನ್ನಬೇಡಿ. 2006ರಲ್ಲೇ ಅವರು ‘ಇಂಸೈ ಅರಸನ್ 23ಆಂ ಪುಲಿಕೇಶಿ’ಯಲ್ಲಿ ಹೀರೋ. ಅಲ್ಲಿ ಎರಡು ಪಾತ್ರ. ಒಬ್ಬ ಪೆದ್ದ ರಾಜ, ಇನ್ನೊಬ್ಬ ವಿವೇಕಿ ತಮ್ಮ. ನಿರ್ದೇಶಕ ಚಿಂಬುದೇವನ್ ಮೊದಲು ವ್ಯಂಗ್ಯಚಿತ್ರಕಾರರು. ವಡಿವೇಲು ಎದುರಿಗೆ ವಡಿವೇಲು ಅವರನ್ನೇ ನಿಲ್ಲಿಸಿ ಗೆದ್ದರು.

ಆಮೇಲೆ 2011ರ ತಮಿಳುನಾಡು ಚುನಾವಣೆಯಲ್ಲಿ ಡಿಎಂಕೆ ಪರ ಪ್ರಚಾರಕ್ಕೆ ಇಳಿದರು, ಅವಕಾಶ ಕಡಿಮೆಯಾಯಿತು. ಪುಲಿಕೇಶಿಯ ಎರಡನೇ ಭಾಗ ಜಗಳದಲ್ಲಿ ನಿಂತಿತು. ಆ ವರ್ಷಗಳಲ್ಲೂ ಅವರ ಹಳೇ ದೃಶ್ಯಗಳು ಮೊಬೈಲಿನಲ್ಲಿ ಮೀಮ್ ಆಗಿ ದಿನಾ ಬರುತ್ತಲೇ ಇದ್ದವು. ಹಾಗಾಗಿ ಹೊಸ ಸಿನಿಮಾಗೆ ಹೋದವರೆಲ್ಲ ಆ ಹಳೇ ವಡಿವೇಲು ಸಿಗುತ್ತಾರೆ ಅಂತಲೇ ಹೋದರು. ನಾನೂ.

ಒಂದು ಹಾಡು ಚೆನ್ನಾಗಿದೆ, ಅದನ್ನು ಹೇಳಲೇಬೇಕು. ‘ಅಪ್ಪತ್ತಾ’ ಅಂತ. ವಡಿವೇಲು ಅವರೇ ಹಾಡಿದ್ದಾರೆ. ಕುಣಿಸಿದವರು ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ. ಆ ಸೊಂಟಕ್ಕಂತೂ ವಯಸ್ಸಾಗಿಲ್ಲ.

ಪ್ರಶ್ನೆ: ನಮ್ಮೂರಿನ ನರಸಿಂಹರಾಜು ಅವರಿಗೆ ಇಂಥ ಗತಿ ಬಂದಿತ್ತಾ ಸಾರ್?
– ಒಬ್ಬ ಓದುಗರು, ತಿಪಟೂರು

ಉತ್ತರ: ಅವರಿಗೆ ಎದುರಿನವರ ಕೊರತೆ ಇರಲಿಲ್ಲ ಸಾರ್. 1954ರ ‘ಬೇಡರ ಕಣ್ಣಪ್ಪ’ದಿಂದಲೇ ಪಕ್ಕದಲ್ಲಿ ರಾಜ್‌ಕುಮಾರ್. ಆಮೇಲೆ ಬಾಲಕೃಷ್ಣ ಜೊತೆಗಿನ ಜೋಡಿ ಅಂತೂ ಮನೆಮಾತು. 1965ರ ‘ಸತ್ಯ ಹರಿಶ್ಚಂದ್ರ’ ಮತ್ತೆ ಹಾಕಿ ನೋಡಿ. ಅದರಲ್ಲಿ ಇವರು ನಕ್ಷತ್ರಿಕ, ಸಾಲ ವಸೂಲಿಗೆ ಬೆನ್ನು ಬಿದ್ದವನು. ರಾಜ್‌ಕುಮಾರ್ ಒಂದೇ ಒಂದು ಸಲ ತುಟಿ ಬಿಚ್ಚಿ ನಕ್ಕಿದ್ದರೂ ನಕ್ಷತ್ರಿಕ ಅಲ್ಲೇ ಸೋಲುತ್ತಿದ್ದ. ರಾಜ ಗಂಭೀರವಾಗಿ ಕಷ್ಟ ಪಡುತ್ತಾನೆ, ಈ ಸಣಕಲು ಮನುಷ್ಯ ಕಾಡುತ್ತಾನೆ, ನಮಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಕಂಪನಿ ನಾಟಕದಲ್ಲಿ ಪಳಗಿದವರಿಗೆ ಈ ಲೆಕ್ಕ ಗೊತ್ತಿರುತ್ತಿತ್ತು. ಎದುರಿನ ಪಾತ್ರವನ್ನು ಕೆಡಿಸದೆ ನಗಿಸೋದು. ನಿಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರೂ ಹಾಸ್ಯ ಪಾತ್ರಗಳಿಂದಲೇ ಹೆಸರಾದವರು, ಅಲ್ವಾ?

ಪ್ರಶ್ನೆ: ನಮ್ಮ ಕಡೆ ತೆಲುಗೇ ಜಾಸ್ತಿ. ಬ್ರಹ್ಮಾನಂದಂ ಬಗ್ಗೆ ಒಂದು ಮಾತು?
– ಒಬ್ಬ ಓದುಗರು, ಚಿಂತಾಮಣಿ

ಉತ್ತರ: 2023ರ ‘ರಂಗಮಾರ್ತಾಂಡ’ ನೋಡಿ. ಆಸ್ಪತ್ರೆ ದೃಶ್ಯಕ್ಕೆ ಮೊದಲು ಟವೆಲ್ ಹತ್ತಿರ ಇಟ್ಟುಕೊಳ್ಳಿ.

ಪ್ರಶ್ನೆ: ಕಾಮಿಡಿ ಸಿನಿಮಾ ಅಂತ ಹೇಳಿ ನಗಿಸದಿದ್ದರೆ ಥಿಯೇಟರ್‌ನವರು ದುಡ್ಡು ವಾಪಸ್ ಕೊಡಬೇಕು ತಾನೇ?
– ಒಬ್ಬ ಓದುಗರು, ಗೌರಿಬಿದನೂರು

ಉತ್ತರ: ಹಾಗೆ ಕೊಟ್ಟಿದ್ದರೆ ನಮ್ಮ ಮಾಲೀಕರು ನನಗೆ ಸಂಬಳ ಎಲ್ಲಿಂದ ಕೊಡುತ್ತಿದ್ದರು ಸ್ವಾಮಿ? ಕರೆಂಟ್ ಹೋಗಿ ಶೋ ನಿಂತರೆ ಪಾಸ್ ಬರೆದು ಕೊಡುತ್ತಿದ್ದೆವು, ಮಾರನೇ ದಿನ ಬಂದು ನೋಡಿ ಅಂತ. ನಗು ಬರದಿದ್ದವರಿಗೂ ಅದೇ ಪಾಸ್ ಕೊಡಬಹುದು. ಮತ್ತೆ ಅದೇ ಸಿನಿಮಾ ನೋಡೋಕೆ ನೀವು ರೆಡಿನಾ?