ಬ್ಯಾಟರ್ಸೀ ವಿದ್ಯುತ್ ಸ್ಥಾವರ ಮುಚ್ಚಿದ್ದು ಯಾಕೆ?

ಲಂಡನ್ನಿನ ಬ್ಯಾಟರ್ಸೀ ಸ್ಥಾವರವನ್ನು ಹೊಗೆಯ ಕಾಟಕ್ಕೆ ಮುಚ್ಚಿದರಾ, ಅಷ್ಟು ದೊಡ್ಡದನ್ನು ಊರೊಳಗೆ, ನದಿ ದಡದಲ್ಲೇ ಯಾಕೆ ಕಟ್ಟಿದರು ಅಂತ ಕೇಳಿದ್ದೀರಿ. ಹಳೆಯ ವಿದ್ಯುತ್ ಸ್ಥಾವರಗಳ ಬಗ್ಗೆ ಓದೋದು ನನಗೆ ತುಂಬಾ ಇಷ್ಟ, ಅದಕ್ಕೇ ಉತ್ತರಿಸುತ್ತಿದ್ದೇನೆ.

ಮೊದಲು ನದಿಯ ವಿಷಯ. ಥೇಮ್ಸ್ ಇಲ್ಲದಿದ್ದರೆ ಬ್ಯಾಟರ್ಸೀಯೂ ಇರುತ್ತಿರಲಿಲ್ಲ. ವರ್ಷಕ್ಕೆ 10 ಲಕ್ಷ ಟನ್‌ಗೂ ಜಾಸ್ತಿ ಕಲ್ಲಿದ್ದಲು ಬೇಕಿತ್ತು. ಅದರಲ್ಲಿ ಬಹುಪಾಲು ಹಡಗಿನಲ್ಲೇ ಬರುತ್ತಿತ್ತು. ದಾರಿಯುದ್ದಕ್ಕೂ ತಗ್ಗು ಸೇತುವೆಗಳು. ಹಾಗಾಗಿ ಈ ಹಡಗುಗಳ ಚಿಮಣಿ, ಕಂಬಗಳನ್ನು ಮಡಚುವಂತೆ ಮಾಡಿದ್ದರು. ಹಬೆಯಿಂದ ತಿರುಗಿ ವಿದ್ಯುತ್ ತಯಾರಿಸುವ ಟರ್ಬೈನಿನಿಂದ ಹೊರಬಂದ ಹಬೆಯನ್ನು ತಣಿಸೋದಕ್ಕೂ ಅದೇ ನದಿ ನೀರು.

ಹೊಗೆಯ ಬಗ್ಗೆ ಜನ 1929ರಲ್ಲಿ ಕೆಲಸ ಶುರುವಾಗುವ ಮುಂಚೆಯೇ ಗಲಾಟೆ ಮಾಡಿದ್ದರು. ಅದಕ್ಕೆ ಹೊಗೆಯನ್ನು ನೀರಿನಲ್ಲಿ ತೊಳೆದು ಗಂಧಕ ತೆಗೆಯುವ ವ್ಯವಸ್ಥೆ ಮಾಡಿದರು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಆದರೆ ತೊಳೆದ ಕೊಳೆನೀರು ಥೇಮ್ಸ್‌ಗೆ ಹೋಯಿತು. ತಣ್ಣಗಾದ ಹೊಗೆ ಮೇಲೇರದೆ ಸುತ್ತಮುತ್ತಲೇ ಇಳಿಯುತ್ತಿತ್ತು.

ಮುಚ್ಚಿದ್ದಕ್ಕೆ ಮುಖ್ಯ ಕಾರಣ ಮಾತ್ರ ಹೊಗೆಯಲ್ಲ. ಯಂತ್ರಗಳಿಗೆ ವಯಸ್ಸಾಗಿತ್ತು, ಖರ್ಚು ಏರುತ್ತಿತ್ತು. ಬೇರೆ ಕಡೆ ಇನ್ನೂ ದೊಡ್ಡ, ಕಡಿಮೆ ಕಲ್ಲಿದ್ದಲಿಗೆ ಜಾಸ್ತಿ ವಿದ್ಯುತ್ ಕೊಡುವ ಸ್ಥಾವರಗಳು ಬಂದಿದ್ದವು. ಇದು ನಿಜಕ್ಕೂ ಪಕ್ಕಪಕ್ಕ ಕಟ್ಟಿದ ಎರಡು ಸ್ಥಾವರ. 1930ರ ದಶಕದ ‘ಎ’ ಭಾಗ 1975ರಲ್ಲಿ ನಿಂತಿತು. ಯುದ್ಧದ ನಂತರ ಪೂರ್ತಿಯಾದ ‘ಬಿ’ ಭಾಗ 1983ರ ಅಕ್ಟೋಬರ್ 31ರಂದು ನಿಂತಿತು. 1980ರಲ್ಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದರಿಂದ ಕೆಡವೋದು ತಪ್ಪಿತು.

ಕಲ್ಲಿದ್ದಲು ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಬೇಜಾರು ಬಿಸಿಯ ಬಗ್ಗೆ. ಇಲ್ಲಿ ಸುಮ್ನೆ ಪೋಲಾಗುವ ಬಿಸಿಯನ್ನು 1950ರಿಂದ ನದಿಯ ಅಡಿಯ ಕೊಳವೆಗಳಲ್ಲಿ ಆಚೆ ದಡದ ಪಿಮ್ಲಿಕೋ ಬಡಾವಣೆಗೆ ಕಳಿಸುತ್ತಿದ್ದರು. ಮನೆಗಳು ಬೆಚ್ಚಗಾಗುತ್ತಿದ್ದದ್ದು, ಸ್ನಾನಕ್ಕೆ ಬಿಸಿನೀರು ಸಿಗುತ್ತಿದ್ದದ್ದು ಅದರಿಂದಲೇ. ಸ್ಥಾವರ ಊರಿಂದ ದೂರ ಹೋದರೆ ಹೊಗೆಯೂ ದೂರವಾಗುತ್ತೆ, ನಿಜ. ಆದರೆ ಅಷ್ಟೂ ಬಿಸಿ ಕೂಲಿಂಗ್ ಟವರ್ (ನೀರು ತಣಿಸುವ ಗೋಪುರ) ಮೂಲಕ ಗಾಳಿಗೆ ಸೇರುತ್ತೆ, ಅಲ್ವಾ? ಸ್ಥಾವರ ನಿಂತ ಮೇಲೆ ಪಿಮ್ಲಿಕೋದವರು ಬೇರೆ ಬಾಯ್ಲರ್ ಹಾಕಿಕೊಳ್ಳಬೇಕಾಯಿತು.

ಕಟ್ಟಡ 2022ರ ಅಕ್ಟೋಬರ್‌ನಲ್ಲಿ ಜನರಿಗೆ ತೆರೆಯಿತು. ಟರ್ಬೈನ್ ಇದ್ದ ಜಾಗದಲ್ಲಿ ಈಗ ಅಂಗಡಿಗಳಿವೆ. ನಾಲ್ಕು ಚಿಮಣಿಗಳ ಕಾಂಕ್ರೀಟ್ ಹಾಳಾಗಿದ್ದರಿಂದ ಅವನ್ನು ಕೆಡವಿ, ಮೊದಲಿನ ರೂಪದಲ್ಲೇ ಹೊಸದಾಗಿ ಕಟ್ಟಿದ್ದಾರೆ. ನೀವು ಹೋದರೆ ಎದುರು ದಡದಲ್ಲಿ ಪಿಮ್ಲಿಕೋದ ಬಿಸಿನೀರು ಶೇಖರಿಸಿಡುವ ಗೋಪುರವನ್ನೂ ನೋಡಿ ಬನ್ನಿ. ಅದು ಇವತ್ತಿಗೂ ಹಾಗೇ ನಿಂತಿದೆ.