ಬಾಲ್ ಸತ್ತಿಲ್ಲ, ಎಣ್ಣೆ ಕುಡಿದು ಕೂತೈತೆ

ಈ ಸಲ ಬೌಲಿಂಗ್ ಬಾಲ್ ಬಗ್ಗೆನೇ ಮೂರು ಪತ್ರ ಬಂದಾವೆ. ಕ್ರಿಕೆಟ್ ಅಲ್ಲ, ಲೇನ್ ಮೇಲೆ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸ್ತಾರಲ್ಲ, ಆ ಬೌಲಿಂಗ್. ಮೊದಲನೇ ಪತ್ರಕ್ಕೆ ಉತ್ತರ ಸ್ವಲ್ಪ ಉದ್ದ ಆಗೈತೆ, ಯಾಕಂದ್ರೆ ಇನ್ನೂ ವರ್ಷಗಟ್ಟಲೆ ಆಡಬಹುದಾದ ಬಾಲ್‌ಗಳು ಹಿಂಗೇ ಮೂಲೆ ಸೇರೋದನ್ನ ನೋಡಿ ನೋಡಿ ನನಗೆ ಹೊಟ್ಟೆ ಉರಿದೈತೆ.

ಪ್ರಶ್ನೆ: ಸರ್, ನಂದು ದಾವಣಗೆರೆ ವಿದ್ಯಾನಗರ, ಕೆಲಸ ಬೆಂಗಳೂರಲ್ಲಿ. ವಾರದ ಮಧ್ಯೆ ಅಲ್ಲೇ ಫ್ರೆಂಡ್ಸ್ ಜೊತೆ ಬೌಲಿಂಗ್ ಆಡ್ತೀನಿ, ವೀಕೆಂಡ್ ಕಾರಲ್ಲಿ ಊರಿಗೆ ಬರ್ತೀನಿ. ಎರಡು ವರ್ಷದ ಹಿಂದೆ 15 ಪೌಂಡಿನ ರಿಯಾಕ್ಟಿವ್ ಬಾಲ್ ತಗೊಂಡೆ, ಶುರುನಲ್ಲಿ ಲೇನ್ ಕೊನೆಯಲ್ಲಿ ಎಷ್ಟು ಚೆನ್ನಾಗಿ ತಿರುಗ್ತಿತ್ತು ಅಂದ್ರೆ ನೋಡೋಕೇ ಖುಷಿ ಆಗ್ತಿತ್ತು. ಒಂದು 150 ಗೇಮ್ ಆಡಿರಬಹುದು, ಈಗ ನೇರವಾಗಿ ಹೋಗ್ಬಿಡತ್ತೆ, ಪಾಕೆಟ್‌ಗೆ, ಅಂದ್ರೆ ಮೊದಲ ಪಿನ್ ಪಕ್ಕದ ಸಂದಿಗೆ ಬಂದ್ರೂ ಮೂಲೆಯ ಹತ್ತನೇ ಪಿನ್ ನಿಂತೇ ಇರತ್ತೆ. ಜೊತೆಗೆ ಆಡೋರು ಬಾಲ್ ಸತ್ತೋಗಿದೆ, ಹೊಸದು ತಗೋ ಅಂತಾರೆ. ನಿಜವಾಗ್ಲೂ ಬಾಲ್ ಸಾಯತ್ತಾ? ಬಾಲ್ ಯಾವಾಗ್ಲೂ ಕಾರಿನ ಡಿಕ್ಕಿಯಲ್ಲೇ ಇರತ್ತೆ, ವಾರಕ್ಕೊಂದ್ಸಲ ಬಟ್ಟೇಲಿ ಒರೆಸ್ತೀನಿ ಅಷ್ಟೇ.

ಉತ್ತರ: ಸತ್ತಿಲ್ರಿ. ಎಣ್ಣೆ ಕುಡಿದೈತೆ, ಮೈ ನುಣುಪಾಗೈತೆ. ಎರಡೂ ಬೇರೆ ಬೇರೆ ಕಾಯಿಲೆ, ಎರಡಕ್ಕೂ ಬೇರೆ ಬೇರೆ ಮದ್ದು. ಜನ ಒಂದು ಮಾಡಿ ಇನ್ನೊಂದು ಬಿಟ್ಟು, ಏನೂ ಉಪಯೋಗ ಆಗ್ಲಿಲ್ಲ ಅಂತಾರೆ.

ಮೊದಲು ಎಣ್ಣೆ ವಿಷಯ. ಆಡೋರು ದಾಟಬಾರದ ಗೆರೆ, ಅಂದ್ರೆ ಫೌಲ್ ಲೈನ್‌ನಿಂದ ಮೊದಲ ಪಿನ್‌ಗೆ 60 ಅಡಿ, ಅದರಲ್ಲಿ ಹೆಚ್ಚೂ ಕಮ್ಮಿ ಮೊದಲ 40 ಅಡಿಗೆ ಎಣ್ಣೆ ಹಚ್ಚಿರ್ತಾರೆ. ಒಂದು ಲೇನ್‌ಗೆ ಹೋಗೋದು 20-30 ಎಂಎಲ್ ಅಷ್ಟೇ, ಒಂದು ಬೆಣ್ಣೆ ದೋಸೆ ಮೇಲೆ ಬೀಳೋ ಬೆಣ್ಣೆಯಷ್ಟು ಅನ್ಕೊಳ್ರಿ. ಬಾಲ್ ಅದರ ಮೇಲೆ ಜಾರಿಕೊಂಡು ಹೋಗಿ, ಎಣ್ಣೆ ಮುಗಿದು ಒಣ ಜಾಗ ಸಿಕ್ಕಾಗ ಕಚ್ಚಿ ತಿರುಗುತ್ತೆ. ಆ ಕಚ್ಚೋ ಗುಣಕ್ಕೆ ಅಂತಾನೇ 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ರೆಸಿನ್ ಬಾಲ್ ಬಂದಿದ್ದು, ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತು ಇರ್ತಾವೆ. ಹಳೇ ಪ್ಲಾಸ್ಟಿಕ್ ಬಾಲ್ ಎಣ್ಣೆ ಮೇಲೆ ತೇಲಿಕೊಂಡು ಹೋಗುತ್ತೆ, ರಿಯಾಕ್ಟಿವ್ ಬಾಲ್ ಹಂಗಲ್ಲ, ಪ್ರತಿ ಎಸೆತಕ್ಕೂ ಒಂದಿಷ್ಟು ಎಣ್ಣೆ ಹತ್ತಿಸ್ಕೊಂಡು ಬರುತ್ತೆ, ಒರೆಸದೆ ಬಿಟ್ರೆ ಅದನ್ನ ಒಳಗೆ ಎಳ್ಕೊಳ್ಳುತ್ತೆ. 150 ಗೇಮ್ ಹಿಂಗೇ ಕುಡಿದ್ಮೇಲೆ ಮೈಯೆಲ್ಲ ಜಿಡ್ಡು, ಒಣ ಜಾಗದಲ್ಲೂ ಕಚ್ಚೋಕೆ ಹಿಡಿತ ಸಿಗಲ್ಲ.

ಎರಡನೇದು ನುಣುಪು. ಬೀಸೋ ಕಲ್ಲು ನೋಡಿರ್ತೀರಲ್ಲ, ವರ್ಷಗಟ್ಟಲೆ ಬೀಸಿ ಬೀಸಿ ಸವೆದ್ರೆ ಕಾಳು ಹಂಗೇ ಜಾರಿ ಹೊರಗೆ ಬೀಳ್ತಿತ್ತು, ಆಗ ಉಳಿ ಸುತ್ತಿಗೆ ಹಿಡ್ಕೊಂಡು ಬೀದಿಗೆ ಬರೋರನ್ನ ಕರೆದು ಕಲ್ಲಿಗೆ ಮುಳ್ಳು ಹಾಕಿಸ್ತಿದ್ರು, ಮತ್ತೆ ಹೊಸ ಕಲ್ಲಿನಂಗೆ ಹಿಟ್ಟು ಬೀಳೋದು. ಯಾರೂ ಕಲ್ಲು ಸತ್ತೋಯ್ತು ಅಂತ ಬಿಸಾಕ್ತಿರ್ಲಿಲ್ಲ. ನಿಮ್ಮ ಬಾಲ್‌ಗೂ ಅದೇ ಆಗಿರೋದು. ಫ್ಯಾಕ್ಟರಿಯಿಂದ ಬಂದಾಗ ಮೈ ಮೇಲೆ ಇದ್ದ ಸಣ್ಣ ಗೀರುಗಳು ಲೇನ್‌ಗೆ ಉಜ್ಜಿ ಉಜ್ಜಿ ಮಾಯವಾಗಿ ಹೊಳಪು ಬಂದೈತೆ. ಹೊಳೀತೈತಲ್ಲ ಅಂತ ಖುಷಿ ಪಡ್ಬೇಡ್ರಿ, ಆ ಹೊಳಪೇ ತಿರುಗೋದನ್ನ ತಿಂದಿರೋದು.

ಈಗ ಏನು ಮಾಡೋದು. ದೊಡ್ಡ ಕೊಳೆ ಏನೂ ಬೇಕಿಲ್ಲ, ಬರೀ ತೆಳ್ಳಗಿನ ಎಣ್ಣೆ ಗೆರೆ ಸಾಕು ಬಾಲ್ ದಾರಿ ತಪ್ಪೋಕೆ, ಅದಕ್ಕೆ ಮೈಕ್ರೋಫೈಬರ್ ಬಟ್ಟೆ ಒಂದು ಇಟ್ಕೊಂಡು ಪ್ರತಿ ಸಲ ಎಸೆಯೋ ಮುಂಚೆ ಆ ಗೆರೆಗಳನ್ನ ಒರೆಸ್ರಿ. ಆಟ ಮುಗಿದ ತಕ್ಷಣ, ಶೂ ಬಿಚ್ಚೋಕೂ ಮುಂಚೆ, ಬಾಲ್ ಇನ್ನೂ ಬೆಚ್ಚಗಿರುವಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಒರೆಸಿಬಿಡ್ರಿ. ಇಡೀ ಉತ್ತರದಲ್ಲಿ ಇದೊಂದನ್ನ ಮಾತ್ರ ಮಾಡ್ತೀನಿ ಅಂದ್ರೂ ನನಗೆ ಸಮಾಧಾನ, ಯಾಕಂದ್ರೆ ಆ ಐದು ನಿಮಿಷದಲ್ಲಿ ಎಣ್ಣೆ ಇನ್ನೂ ಮೇಲೇ ಇರುತ್ತೆ, ಮನೆಗೆ ಹೋಗಿ ನಾಳೆ ಒರೆಸ್ತೀನಿ ಅಂದ್ರೆ ಅಷ್ಟೊತ್ತಿಗೆ ಒಳಗೆ ಹೋಗಿರುತ್ತೆ. ಕೈಗೆ ಹಚ್ಚೋ ಜೆಲ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಚರ್ಮಕ್ಕೆ ಅಂತ ಹಾಕಿರೋ ಗ್ಲಿಸರಿನ್ ಬಾಲ್ ಮೇಲೆ ಅಂಟು ಉಳಿಸುತ್ತೆ. ಟೂರ್ನಮೆಂಟ್ ಆಡೋರಾದ್ರೆ ಇನ್ನೊಂದು ನೆನಪಿರ್ಲಿ, ಅಮೆರಿಕದಲ್ಲಿ ಬೌಲಿಂಗ್ ನಿಯಮ ಮಾಡೋ ಸಂಸ್ಥೆ ಯುಎಸ್‌ಬಿಸಿ 2019ರಲ್ಲಿ ಪಂದ್ಯದ ನಡುವೆ ಒಣ ಬಟ್ಟೆ ಮಾತ್ರ ಬಳಸಬೇಕು, ಯಾವ ದ್ರವನೂ ಹಾಕೋಹಂಗಿಲ್ಲ ಅಂತ ನಿಯಮ ತಂದಿತ್ತು, ನೀವಾಡೋ ಪಂದ್ಯದ ನಿಯಮ ಏನೈತೆ ಅಂತ ಮೊದಲೇ ಕೇಳ್ಕೊಳ್ರಿ.

ಪೇಂಟ್ ಥಿನ್ನರ್, ಪೆಟ್ರೋಲ್, ಅಸಿಟೋನ್ ಇವನ್ನ ಮುಟ್ಟಲೇಬೇಡ್ರಿ. ಒರೆಸಿದ ಕೂಡ್ಲೇ ಎಣ್ಣೆ ಹೋಗೋದು ಕಾಣುತ್ತೆ, ಅದಕ್ಕೇ ಜನಕ್ಕೆ ಆಸೆ, ಆದರೆ ಇಂಥವು ಬಾಲ್ ಮೈಯನ್ನೇ ಮೆತ್ತಗೆ ಮಾಡ್ತಾವೆ. ಇದರ ಹಿಂದೆ ಒಂದು ದೊಡ್ಡ ಕತೆನೇ ಐತೆ. 1973ರಲ್ಲಿ ಡಾನ್ ಮೆಕ್ಯೂನ್ ಅನ್ನೋ ಅಮೆರಿಕದ ಆಟಗಾರ ಪ್ಲಾಸ್ಟಿಕ್ ಬಾಲ್‌ಗಳನ್ನ ಕೆಮಿಕಲ್‌ನಲ್ಲಿ ನೆನೆಸಿ ಮೆತ್ತಗೆ ಮಾಡ್ಕೊಂಡು ಆಡಿ ಒಂದೇ ವರ್ಷ 6 ಟೈಟಲ್ ಗೆದ್ರು, ಆಗ ಅದಕ್ಕೆ ತಡೆ ಇರ್ಲಿಲ್ಲ. ಆಮೇಲೆ ಬಾಲ್ ಇಷ್ಟು ಗಟ್ಟಿ ಇರಲೇಬೇಕು ಅಂತ ನಿಯಮ ಬಂತು, ಅಳೆಯೋಕೆ ಮೀಟರ್ ಬಂತು. ಹಂಗಾಗಿ ಥಿನ್ನರ್ ಹಾಕಿದ ಬಾಲ್ ಹಾಳಾಗೋದು ಒಂದು, ಪಂದ್ಯಕ್ಕೆ ಅನರ್ಹ ಆಗೋದು ಇನ್ನೊಂದು.

ಒಳಗೆ ಈಗಾಗಲೇ ಸೇರಿರೋ ಎಣ್ಣೆಗೆ ಬಿಸಿನೀರಿನ ಸ್ನಾನ. ಬೆರಳಿನ ತೂತುಗಳಿಗೆ ನೀರು ಹೋಗದಂಗೆ ಟೇಪ್ ಅಂಟಿಸ್ರಿ, ಒಳಗಿರೋ ರಬ್ಬರ್ ಗ್ರಿಪ್‌ನ ಗೋಂದು ಬಿಡಬಾರದು. ಬಕೆಟ್ ತಳಕ್ಕೆ ಹಳೇ ಟವೆಲ್ ಮಡಚಿ ಹಾಕಿ, ಬಾಲ್ ಇಳಿಸಿ, ಮುಳುಗೋವಷ್ಟು ಗೀಸರ್ ನೀರು ಬಿಟ್ಟು, ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ 20 ನಿಮಿಷ ಬಿಡ್ರಿ. ನೀರು 50-55 ಡಿಗ್ರಿ ಸಾಕು, ಥರ್ಮಾಮೀಟರ್ ಇಟ್ಟು ನೋಡ್ರಿ, ಒಲೆ ಮೇಲೆ ಕುದಿಸಿದ ನೀರು ಖಂಡಿತ ಬೇಡ. ನೀರಿನ ಮೇಲೆ ಎಣ್ಣೆ ತೇಲಿ ಬರೋದನ್ನ ಮೊದಲ ಸಲ ನೋಡ್ದಾಗ ಇಷ್ಟೆಲ್ಲ ಇದರೊಳಗಿತ್ತಾ ಅಂತ ನನಗೆ ನಂಬೋಕೇ ಆಗಿರ್ಲಿಲ್ಲ. ಆ ನೀರು ಚೆಲ್ಲಿ ಹೊಸ ನೀರಲ್ಲಿ ಇನ್ನೊಂದ್ಸಲ ಮಾಡ್ರಿ, ಎಣ್ಣೆ ಬರೋದು ನಿಂತಾಗ ಸಾಕು. ಎತ್ತುವಾಗ ಎರಡೂ ಕೈ ಹಾಕ್ರಿ, 15 ಪೌಂಡ್ ಅಂದ್ರೆ 6.8 ಕೆಜಿ, ಸೋಪಿನ ನೀರಲ್ಲಿ ಜಾರಿ ಕಾಲ ಮೇಲೆ ಬಿದ್ರೆ ಬೆರಳು ಉಳಿಯಲ್ಲ. ಆಮೇಲೆ ಒರೆಸಿ ನೆರಳಲ್ಲಿ ಒಂದು ದಿನ ಒಣಗ್ಲಿ.

ಎಣ್ಣೆ ತೆಗೆದ್ಮೇಲೇ ಮುಳ್ಳು ಹಾಕೋ ಕೆಲಸ, ಮೊದಲೇ ಉಜ್ಜಿದ್ರೆ ಜಿಡ್ಡು ಪ್ಯಾಡ್‌ಗೆ ಮೆತ್ಕೊಂಡು ಪ್ಯಾಡೂ ಹಾಳು. ಇದಕ್ಕೆ ಅಬ್ರಲಾನ್ ಅಂತ ಸ್ಪಂಜಿನಂಥ ಉಜ್ಜೋ ಪ್ಯಾಡ್ ಬರ್ತಾವೆ, 500, 1000, 2000, 4000 ಅಂತ ನಂಬರ್, ನಂಬರ್ ಹೆಚ್ಚಾದಂಗೆ ನಯ. ನಿಮ್ಮ ಬಾಲ್ ಕಂಪನಿಯಿಂದ ಯಾವ ನಂಬರ್ ಫಿನಿಶ್‌ನಲ್ಲಿ ಬಂದಿತ್ತು ನೋಡ್ಕೊಂಡು ಅಲ್ಲಿಗೇ ವಾಪಸ್ ತನ್ನಿ. ಬಾಲ್ ಗಿರ್ರನೆ ತಿರುಗಿಸೋ ಸ್ಪಿನ್ನರ್ ಮೆಷಿನ್ ಇರೋ ಪ್ರೋಶಾಪ್‌ನಲ್ಲಿ, ಅಂದ್ರೆ ಬೌಲಿಂಗ್ ಸಾಮಾನಿನ ಅಂಗಡೀಲಿ ಮಾಡಿಸೋದೇ ಒಳ್ಳೇದು. ಕೈಯಲ್ಲೇ ಮಾಡ್ತೀನಿ ಅಂದ್ರೆ ಪ್ಯಾಡ್ ಒದ್ದೆ ಮಾಡಿ ಎಲ್ಲಾ ಕಡೆನೂ ಒಂದೇ ಸಮ ಉಜ್ಜಬೇಕು, ಎಣ್ಣೆ ಗೆರೆ ಬೀಳೋ ಜಾಗ ಮಾತ್ರ ಉಜ್ಜಿದ್ರೆ ಬಾಲ್ ಗುಂಡಗೆ ಉಳಿಯಲ್ಲ. 50-60 ಗೇಮ್‌ಗೊಂದ್ಸಲ ಹಗುರಾಗಿ ಇದನ್ನ ಮಾಡಿಸ್ಕೊಂಡು, ನೂರು ಗೇಮ್ ಹತ್ತತ್ರ ಬಿಸಿನೀರು ತೋರಿಸಿದ್ರೆ ಸಾಕು.

ಕೊನೇದು ಡಿಕ್ಕಿ. ನಿಮ್ಮ ಪತ್ರದಲ್ಲಿ ನನಗೆ ಎದೆ ಧಸಕ್ ಅಂದಿದ್ದು ಅದೇ ಸಾಲು. ಬಾಲ್ ಒಳಗಿನ ಕೋರ್ ಒಂದು ವಸ್ತು, ಹೊರಗಿನ ಕವರ್ ಇನ್ನೊಂದು, ಬಿಸಿಗೆ ಎರಡೂ ಒಂದೇ ಸಮ ಹಿಗ್ಗಲ್ಲ. ಏಪ್ರಿಲ್ ಬಿಸಿಲಲ್ಲಿ ಪಿ.ಬಿ. ರೋಡ್ ಪಕ್ಕ ಕಾರು ನಿಲ್ಸಿ ಊಟಕ್ಕೆ ಹೋಗಿ ಬಂದ್ರೆ ಸ್ಟೇರಿಂಗ್ ಮುಟ್ಟೋಕಾಗಲ್ಲ, ಡಿಕ್ಕಿ ಒಳಗೆ ಹೆಂಗಿರುತ್ತೆ ಯೋಚ್ನೆ ಮಾಡ್ರಿ. ಅದೇ ಬಾಲ್‌ನ ರಾತ್ರಿ ಎಸಿ ಹಾಕಿರೋ ಲೇನ್‌ಗೆ ಇಳಿಸ್ತೀರಿ. ನಾನು ಹಿಂಗೇ ಒಂದು ಬಾಲ್ ಕಳ್ಕೊಂಡಿದೀನಿ, ಬೆರಳಿನ ತೂತಿನ ಹತ್ರ ಕೂದಲೆಳೆ ಬಿರುಕು ಶುರುವಾಗಿ ಎರಡು ತಿಂಗಳಲ್ಲಿ ಅರ್ಧ ಸುತ್ತು ಬಂತು. ಎಣ್ಣೆ ತೆಗೀಬಹುದು, ಮುಳ್ಳು ಹಾಕಬಹುದು, ಅಂಥ ಬಿರುಕಿಗೆ ಮದ್ದಿಲ್ಲ. ಊರಿಗೆ ಬಂದಾಗ ಬ್ಯಾಗ್ ಸಮೇತ ಮನೆಯೊಳಗೆ ತಗೊಂಡ್ ಹೋಗ್ರಿ.

ಪ್ರಶ್ನೆ: ಸರ್, ನಾವು ಚಿತ್ರದುರ್ಗದೋರು. ನನ್ನ ಮಗ ಬೌಲಿಂಗ್ ಬಾಲ್ ಮನೇಲಿಟ್ಟು ಆರು ತಿಂಗಳಿಗೆ ಅಂತ ಪುಣೆಗೆ ಹೋಗಿದಾನೆ. ಕಿಟಕಿ ಹತ್ರ ಬಿಸಿಲು ಬೀಳೋ ಕಡೆ ಇಟ್ಟಿದ್ದೆ, ನೋಡಿದ್ರೆ ಬೆವರಿದಂಗೆ ಮೇಲೆಲ್ಲ ಜಿಡ್ಡು ಬಂದೈತೆ. ಸೀಗೆಪುಡಿ ಹಾಕಿ ತೆಂಗಿನ ನಾರಲ್ಲಿ ಉಜ್ಜಿಬಿಡ್ಲಾ?

ಉತ್ತರ: ಅಮ್ಮಾ, ಉಜ್ಜಬೇಡಿ. ಎಣ್ಣೆ ತೆಗೆಯೋಕೆ ಸೀಗೆ ನೆನಪಾಗಿದ್ದು ಸರೀನೇ, ಆದರೆ ಪುಡಿಯ ತರಿ, ನಾರು ಎರಡೂ ಬಾಲ್ ಮೇಲೆ ಅಡ್ಡಾದಿಡ್ಡಿ ಗೀರು ಹಾಕ್ತಾವೆ. ಆ ಜಿಡ್ಡು ಆಡಿದಾಗ ಒಳಗೆ ಹೋಗಿದ್ದ ಲೇನ್ ಎಣ್ಣೆ, ಬಿಸಿಲಿಗೆ ಹೊರಗೆ ಬಂದೈತೆ. ಮೆತ್ತನೆ ಹತ್ತಿ ಬಟ್ಟೇಲಿ ಒರೆಸಿ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಉಗುರುಬೆಚ್ಚಗಿನ ನೀರಲ್ಲಿ ಹಾಕಿ ಇನ್ನೊಂದು ಬಟ್ಟೆ ಅದ್ದಿ ಹಿಂಡಿ ಒರೆಸಿ, ಆಮೇಲೆ ಒಣ ಬಟ್ಟೆ. ಬಿಸಿಲಿಂದ ಇವತ್ತೇ ತೆಗೀರಿ. ಒಳಕೋಣೆಯಲ್ಲಿ ಮಂಚದ ಕೆಳಗೆ, ಸೀರೆ ಸುತ್ತಿ ಸಿಂಬಿ ಮಾಡಿ ಅದರ ಮೇಲೆ ಕೂರಿಸಿ, ಉರುಳಲ್ಲ. ಹದಿನೈದು ದಿನಕ್ಕೊಂದ್ಸಲ ಸ್ವಲ್ಪ ತಿರುಗಿಸಿಡಿ, ಒಂದೇ ಕಡೆ ಭಾರ ಬೀಳೋದು ಬೇಡ. ಮಗನಿಗೆ ಫೋನಲ್ಲಿ ಈ ವಿಷಯ ಹೇಳಿ, ಬಂದಾಗ ಬಿರುಕು ಏನಾದ್ರೂ ಬಿಟ್ಟೈತಾ ಅಂತ ಅವನೇ ನೋಡ್ಕೊಳ್ಲಿ.

ಪ್ರಶ್ನೆ: ನಾನು ದಾವಣಗೆರೆ ಕಾಲೇಜ್ ಹುಡುಗಿ. ಸ್ವಂತ ಬಾಲ್ ಇಲ್ಲ, ಬೆಂಗಳೂರಿಗೆ ಹೋದಾಗ ಅಲ್ಲಿ ಇಟ್ಟಿರೋ ಬಾಲ್‌ನಲ್ಲೇ ಆಡ್ತೀನಿ. ಮೊದಲನೇ ಬಾಲ್ ತಗೊಳ್ಳೋದಾದ್ರೆ ಇಷ್ಟೆಲ್ಲ ನೋಡ್ಕೊಳ್ಳೋ ಕಷ್ಟ ಇಲ್ಲದಿರೋದು ಯಾವ್ದು ಸರ್?

ಉತ್ತರ: ಪಾಲಿಯೆಸ್ಟರ್ ತಗೋಮ್ಮ, ಪ್ಲಾಸ್ಟಿಕ್ ಬಾಲ್ ಅಂತಾರಲ್ಲ ಅದೇ. ಎಣ್ಣೆ ಒಳಗೆ ಎಳ್ಕೊಳ್ಳಲ್ಲ, ಆಡಿದ್ಮೇಲೆ ಒಂದ್ಸಲ ಒರೆಸಿದ್ರೆ ಮುಗೀತು. ತಿರುಗೋದು ಕಮ್ಮಿ, ನೇರ ಹೋಗುತ್ತೆ, ಆದರೆ ಕಲಿಯೋಕೆ ಅದೇ ಒಳ್ಳೇದು, ಮುಂದೆ ರಿಯಾಕ್ಟಿವ್ ತಗೊಂಡ್ರೂ ಉಳಿದ ಒಂದೊಂದು ಪಿನ್ ಹೊಡೆಯೋಕೆ ದೊಡ್ಡ ದೊಡ್ಡ ಆಟಗಾರರೂ ಇಂಥದ್ದೊಂದನ್ನ ಬ್ಯಾಗಲ್ಲಿ ಇಟ್ಕೊಂಡಿರ್ತಾರೆ. ಹೆಚ್ಚು ಅಂದ್ರೆ 16 ಪೌಂಡ್ ತನಕ ಬರ್ತಾವೆ, ಭಾರ ಜಾಸ್ತಿ ಇದ್ರೆ ಚೆನ್ನಾಗಿ ಬೀಳುತ್ತೆ ಅಂತ ಯಾರಾದ್ರೂ ಹೇಳಿದ್ರು ಅಂತ ತಗೋಬೇಡ, ಮೂರನೇ ಗೇಮ್‌ನಲ್ಲೂ ಭುಜ ನೋಯದೆ ಬೀಸೋಕೆ ಆಗೋವಷ್ಟು ಸಾಕು. ತೂತು ನಿನ್ನ ಬೆರಳಿನ ಅಳತೆಗೇ ಕೊರೆಸ್ಕೋ, ಸಡಿಲ ಇದ್ರೆ ಬಾಲ್ ಹಿಂಡಿ ಹಿಡೀತೀಯ, ಮಣಿಕಟ್ಟು ನೋವು ಶುರುವಾಗುತ್ತೆ.