ಜೈಲು ಶಿಕ್ಷೆ ಮುಗಿಸಿ ಬರುವ ತಮ್ಮನಿಗೆ ಕೆಲಸ ಸಿಗುತ್ತಾ? ಹಳೇ ಕೇಸು ಮುಚ್ಚಿಡಬಹುದಾ?

ಐದು ವರ್ಷದ ಶಿಕ್ಷೆ ಮುಗಿಸಿ ನಿಮ್ಮ ತಮ್ಮ ಮುಂದಿನ ತಿಂಗಳು ಬರುತ್ತಾರೆ, ಕೆಲಸಕ್ಕೆ ಸೇರುವಾಗ ಕೇಸಿನ ವಿಷಯ ಹೇಳಬೇಕಾ ಬೇಡವಾ ಎಂದು ಕೇಳಿದ್ದೀರಿ. ನಾನೂ ಸಜಾ ಮುಗಿಸಿ ಬಂದವನೇ. ಹೊಲದ ಬದುವಿನ ಜಗಳ, ಹೊಡೆದಾಟ, ಕೇಸು. ಆ ಕಥೆ ಇಲ್ಲಿ ಬೇಡ. ಈಗ ಮೈಸೂರಿನ ಹತ್ತಿರ ಮರಗೆಲಸ ಮಾಡಿಕೊಂಡಿದ್ದೇನೆ.

ಕೆಲಸಕ್ಕಿಂತ ಮೊದಲು ಫೋನ್ ನಂಬರ್ ನೋಡಿ. ನಗಬೇಡಿ, ನನ್ನನ್ನು ಜಾಸ್ತಿ ಸತಾಯಿಸಿದ್ದು ಅದೇ. ರೀಚಾರ್ಜ್ ಇಲ್ಲದೆ ಹಳೇ ಸಿಮ್ ಸತ್ತು, ಆ ನಂಬರ್ ಬೇರೆ ಯಾರಿಗೋ ಹೋಗಿತ್ತು. ಆಧಾರ್ ಒಟಿಪಿ ಅಲ್ಲಿಗೇ ಹೋಗುತ್ತೆ, ಬ್ಯಾಂಕಿನದೂ ಅಲ್ಲಿಗೇ. ನಾನು ಒಳಗೆ ಹೋದಾಗ ಅಂಗಡಿಯವರು ಚಿಲ್ಲರೆ ಬದಲು ಚಾಕಲೇಟು ಕೊಡುತ್ತಿದ್ದರು. ಬಂದಾಗ ಎಳನೀರಿನವನ ಗಾಡಿಯಲ್ಲೂ ಸ್ಕ್ಯಾನರ್! ತಮ್ಮ ಬಂದ ವಾರದಲ್ಲೇ ಹೊಸ ಸಿಮ್ ಕೊಡಿಸಿ, ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಾಯಿಸಿ. ಆಮೇಲೆ ಬ್ಯಾಂಕು, ರೇಷನ್ ಕಾರ್ಡು.

ಕೋರ್ಟು ಹಾಕಿದ ದಂಡ ಬಾಕಿ ಇದೆಯಾ ಅಂತ ಈಗಲೇ ವಿಚಾರಿಸಿ, ಇದ್ದರೆ ಬಿಡುಗಡೆ ಮುಂದಕ್ಕೆ ಹೋಗಬಹುದು. ಒಳಗೆ ದುಡಿದ ಕೂಲಿಯ ಲೆಕ್ಕವನ್ನೂ ಕೇಳಿ. ಬಿಡುಗಡೆ ಪತ್ರ ಮತ್ತು ತೀರ್ಪಿನ ನಕಲು ಜೋಪಾನ.

ಊರಲ್ಲಿ ಕಾನೂನು ಹೇಳುವವರು ಬಹಳ. ಜೈಲಿಗೆ ಹೋದವನಿಗೆ ವೋಟಿಲ್ಲ, ಆಸ್ತಿಯಲ್ಲಿ ಪಾಲಿಲ್ಲ ಅನ್ನುತ್ತಾರೆ. ಎರಡೂ ಸುಳ್ಳು. ಒಳಗಿರುವಾಗ ವೋಟು ಹಾಕುವಂತಿಲ್ಲ, ಹೊರಗೆ ಬಂದ ಮೇಲೆ ಹಾಕಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಕೊಲೆ ಮಾಡಿದವನಿಗೆ ಸತ್ತವನ ಆಸ್ತಿ ಬರುವುದಿಲ್ಲ. ಸುಮ್ನೆ ಜೈಲಿಗೆ ಹೋದ ಕಾರಣಕ್ಕೆ ಯಾರ ಪಾಲೂ ಹೋಗುವುದಿಲ್ಲ. ಎಂಎಲ್ಎ ಚುನಾವಣೆಗೆ ನಿಲ್ಲೋದಾದರೆ ಮಾತ್ರ, ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆ ಆದವರು ಬಿಡುಗಡೆಯಾಗಿ 6 ವರ್ಷ ಕಾಯಬೇಕು. ನಮಗೆ ಅದರ ಚಿಂತೆ ಇಲ್ಲ ಅಲ್ವಾ!

ಈಗ ನಿಮ್ಮ ಪ್ರಶ್ನೆ. ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬೇಡಿ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಮುಚ್ಚಿಟ್ಟರೆ ಆ ಒಂದು ಕಾರಣಕ್ಕೇ ಕೆಲಸ ಹೋಗಬಹುದು. 2016ರಲ್ಲಿ ಅವತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಸೆಕ್ಯುರಿಟಿ ಗಾರ್ಡ್, ಆ್ಯಪ್ ಕ್ಯಾಬ್ ತರಹದ ಕೆಲಸಗಳಿಗೆ ಪೊಲೀಸ್ ವೆರಿಫಿಕೇಷನ್ ಇರುತ್ತೆ. ಅದರ ಹಿಂದೆ ಅಲೆಯೋದು ದಂಡ ಅಂತ ನನ್ನ ಅನಿಸಿಕೆ. ಕೈಕೆಲಸ ನೋಡಿ. ಪೇಂಟಿಂಗ್, ವೆಲ್ಡಿಂಗ್, ಟೈಲರಿಂಗ್, ಒಳಗೆ ಏನು ಕಲಿತರೋ ಅದು. ಮೇಸ್ತ್ರಿಗೆ ಮೊದಲ ದಿನವೇ ಹೇಳಿಬಿಡಲಿ: 'ಶಿಕ್ಷೆ ಆಗಿತ್ತು, ಮುಗಿಸಿ ಬಂದಿದ್ದೇನೆ.' ಅಷ್ಟೇ ಸಾಕು, ಪುರಾಣ ಬೇಡ. ನನ್ನನ್ನು ಇಬ್ಬರು ವಾಪಸ್ ಕಳಿಸಿದರು. ಮೂರನೆಯವರು 'ಉಳಿ ಹಿಡಿಯೋಕೆ ಬರುತ್ತೇನಪ್ಪಾ?' ಅಂತ ಮಾತ್ರ ಕೇಳಿದರು. ಆಮೇಲೆ ಯಾರೋ ಬಂದು ಅವರ ಕಿವಿ ಊದಿದಾಗ 'ಅದು ನನಗೆ ಗೊತ್ತಿರೋದೇ' ಅಂದರಂತೆ. ಮೊದಲೇ ಹೇಳಿದ್ದರ ಲಾಭ ಅದು.

ಎದುರು ಪಾರ್ಟಿಯವರು ಅದೇ ಊರಲ್ಲಿದ್ದರೆ ಸ್ವಲ್ಪ ಕಾಲ ಬೇರೆ ಕಡೆ ಇರೋದೇ ಒಳ್ಳೆಯದು. ಹಬ್ಬ, ಜಾತ್ರೆಯಲ್ಲಿ ಕುಡಿದವರ ಒಂದು ಮಾತು ಸಾಕು, ಮತ್ತೆ ಠಾಣೆ. ಮನೆಯಲ್ಲಿ ತಮ್ಮನ ಕೈಗೆ ಒಂದಿಷ್ಟು ದುಡ್ಡು ಕೊಟ್ಟಿರಿ, ಬಸ್ ಚಾರ್ಜಿಗೂ ಕೈಚಾಚೋ ಹಾಗೆ ಮಾಡಬೇಡಿ.

ಪೊಲೀಸರು ಆಗಾಗ ವಿಚಾರಿಸೋಕೆ ಬರಬಹುದು. ಠಾಣೆಗೆ ಕರೆದರೆ ಒಬ್ಬರನ್ನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ. ಸುಮ್ಮಸುಮ್ಮನೆ ಕಾಟ ಕೊಟ್ಟರೆ ಅಥವಾ ರೌಡಿ ಶೀಟ್ ತೆರೆದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದು ಕೊಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.